ಸಣ್ಣಕತೆಯ ಅಂಗಗಳು

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಕಿತ್ತೂರಿನ ಹೆಸರು ಮನೆಮಾತು. ಶಿವಲಿಂಗಪ್ಪನ ದತ್ತಕವನ್ನು ಕಂಪನಿ ಸರ್ಕಾರವು ಒಪ್ಪದಿದ್ದುದು, 1824ರ ಅಕ್ಟೋಬರ್ 23ರಂದು ಥ್ಯಾಕರೆ ಮಡಿದುದು, ಡಿಸೆಂಬರಿನಲ್ಲಿ ಕೋಟೆ ಶತ್ರುವಶವಾದುದು, ಸೆರೆಯಾದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ಕೊನೆಯುಸಿರೆಳೆದುದು - ಇವೆಲ್ಲವೂ ಇತಿಹಾಸಕ್ಕೆ ಬೇಕು. ಸಣ್ಣಕತೆಗೆ ಇವುಗಳೊಳಗಿನ ಒಂದು ಗಳಿಗೆ ಸಾಕು.

ಕತೆಗಾರನು ಆ ಸೆರೆವಾಸದ ಒಂದು ಸಂಜೆಯನ್ನು ಆರಿಸಿಕೊಂಡನೆನ್ನೋಣ. ಅದೇ ಕತೆಯ ವಸ್ತು. ಬೈಲಹೊಂಗಲದ ಕೋಟೆ, ಕವಿಯುವ ಕತ್ತಲೆ ಅದರ ದೇಶಕಾಲಗಳು. ರಾಣಿ ಒಂದು ಪಾತ್ರ. ದೀಪ ಹಚ್ಚಲು ಬರುವ ಕಾವಲುಗಾರ ಇನ್ನೊಂದು. ಅವನ ಹೆಸರು ಇತಿಹಾಸದಲ್ಲಿಲ್ಲ. ಅವನು ಕಲ್ಪನೆಯ ಕೂಸು. ಹಿಂದೆ ಉಂಡದ್ದು ಕಿತ್ತೂರಿನ ಅನ್ನ, ಈಗ ಉಣ್ಣುತ್ತಿರುವುದು ಕಂಪನಿಯ ಅನ್ನ. ಅವನು ರಾಣಿಗೆ ಕೈಮುಗಿಯಬೇಕೇ? ಬಾಗಿಲಿಗೆ ಅಗುಳಿ ಹಾಕಬೇಕೇ? ಇದೇ ಸಂಘರ್ಷ. ಸಂಘರ್ಷವಿಲ್ಲದ ಘಟನೆ ಬರಿಯ ವರದಿಯಾಗುತ್ತದೆ.

ರಾಣಿ ಬಿಡುಗಡೆ ಹೊಂದಿದಳೆಂದು ಬರೆಯುವಂತಿಲ್ಲ. ಕಲ್ಪನೆಗೂ ಸತ್ಯದ ಎಲ್ಲೆಯುಂಟು. ಕಾವಲುಗಾರ ಕೈಮುಗಿಯುತ್ತಾನೆ, ಬಳಿಕ ಅಗುಳಿಯನ್ನೂ ಹಾಕುತ್ತಾನೆ. ಇದು ಮುಕ್ತಾಯ. ಅನ್ನಕ್ಕೂ ಅಭಿಮಾನಕ್ಕೂ ನಡುವೆ ಸಿಲುಕಿದ ಬಡವನ ಸಂಕಟವೇ ಕತೆಯ ಆಶಯ. ಅದನ್ನು ಕತೆಗಾರನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅಗುಳಿ ಹಾಕುವ ಕೈಯ ನಡುಕವನ್ನು ಕಾಣಿಸಿದರೆ ಸಾಕು.