ಆ ತುದಿಯವರು ಮೊದಲು ಸರಿಯಲಿ

ಸಂಘದ ನಾಟಕಕ್ಕೆ ತಡವಾಗಿ ಹೋಗುವುದು ನಮ್ಮ ಹಳೆಯ ಅಭ್ಯಾಸ. "ಸ್ವಲ್ಪ ಸರಿದುಕೊಳ್ಳಿ" ಎಂದು ಬೆಂಚಿನ ಈ ತುದಿಯವರನ್ನು ಕೇಳಿದರೆ ಅವರು ಸರಿಯುವುದಾದರೂ ಎಲ್ಲಿಗೆ? ಆ ತುದಿಯವರು ಮೊದಲು ಸರಿಯಬೇಕು. ಇಷ್ಟು ಸಣ್ಣ ವಿಷಯವನ್ನು ಮರೆತು ಪುಣೆಯ ಕಛೇರಿಯಲ್ಲಿ ನಾವೊಮ್ಮೆ ತಲೆ ತಗ್ಗಿಸಬೇಕಾಯಿತು.

ಕಂಪ್ಯೂಟರಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವುದು ನಮ್ಮ ಉದ್ಯೋಗ. ಮೆಮೊರಿಯ ಒಂದೆಡೆ ಇರುವುದನ್ನು ಇನ್ನೊಂದೆಡೆಗೆ ನಕಲು ಮಾಡಲು ಅದರಲ್ಲಿ ಮೆಮ್‌ಕಾಪಿ, ಮೆಮ್‌ಮೂವ್ ಎಂಬ ಎರಡು ಸಾಧನಗಳುಂಟು. ಎರಡಕ್ಕೂ ಹೇಳಬೇಕಾದುದು ಒಂದೇ: ಎಲ್ಲಿಗೆ, ಎಲ್ಲಿಂದ, ಎಷ್ಟು ಬೈಟು. ಭೇದ ಕಾಣುವುದು ಎರಡು ಜಾಗಗಳು ಒಂದರ ಮೇಲೊಂದು ಬಿದ್ದಾಗ. ಐದು ಮನೆಗಳಲ್ಲಿ ಮೊದಲ ನಾಲ್ಕರಲ್ಲಿ ಕ, ಖ, ಗ, ಘ ಇವೆಯೆನ್ನಿ. ಒಂದೊಂದು ಮನೆ ಬಲಕ್ಕೆ ಒಯ್ಯಲು ಎಡದಿಂದ ಹೊರಟರೆ ಕ ಹೋಗಿ ಖವನ್ನು ಅಳಿಸುತ್ತದೆ. ಮುಂದೆ ಸಾಗುವುದೂ ಆ ಕವೇ. ಕೊನೆಗೆ ಐದು ಮನೆಯಲ್ಲೂ ಕ! ಬಲದಿಂದ ಹೊರಟರೆ ಎಲ್ಲವೂ ಉಳಿಯುತ್ತವೆ. ಮೆಮ್‌ಮೂವ್ ಈ ಎಚ್ಚರ ವಹಿಸುತ್ತದೆ. ಮೆಮ್‌ಕಾಪಿಗೆ ಆ ಹೊಣೆಯಿಲ್ಲವೆಂದು ೧೯೮೯ರ ಆನ್ಸಿ ಪ್ರಮಾಣವೇ ಹೇಳಿದೆ.

ಪಟ್ಟಿಯ ನಡುವೆ ಹೊಸ ಹೆಸರು ಸೇರಿಸುವಲ್ಲಿ ನಾವು ಮೆಮ್‌ಕಾಪಿ ಬರೆದಿದ್ದೆವು. ಹಳೆಯ ಯಂತ್ರದಲ್ಲಿ ಅದೃಷ್ಟದಿಂದ ವರ್ಷಗಟ್ಟಲೆ ನಡೆಯಿತು. ಹೊಸ ಯಂತ್ರಕ್ಕೆ ಸಾಗಿಸಿದ ದಿನ ಒಂದೇ ಹೆಸರು ಸಾಲುಸಾಲಾಗಿ ಬಂತು. ಸಾಗಿಸಿದವನು ಧಾರವಾಡದಿಂದ ಆಗತಾನೆ ಬಂದ ಹುಡುಗ. ಬೈಗುಳವೆಲ್ಲ ಅವನ ಪಾಲಿಗೆ. ಆ ಸಾಲು ನಮ್ಮದೆಂದು ನಮಗೆ ಗೊತ್ತಿತ್ತು. ಆದರೂ ಸಂಜೆಯವರೆಗೆ ಬಾಯಿ ತೆರೆಯಲಿಲ್ಲ.

ರಾತ್ರಿ ಊಟ ಸೇರಲಿಲ್ಲ. ವಿಷಯ ಕೇಳಿದ ನಮ್ಮಾಕೆ, "ಈ ಊರಲ್ಲಿ ಆ ಹುಡುಗನಿಗೆ ಯಾರಿದ್ದಾರೆ?" ಎಂದಳು, ಅಷ್ಟೆ. ಬೆಳಿಗ್ಗೆ ಎಲ್ಲರೆದುರು ತಪ್ಪೊಪ್ಪಿಕೊಂಡೆವು. ಪ್ರೋಗ್ರಾಮಿನಲ್ಲಿ ತಿದ್ದಬೇಕಾಗಿದ್ದುದು ಒಂದೇ ಪದ.

ಇಂಥ ತಪ್ಪು ದೊಡ್ಡವರಿಗೂ ತಪ್ಪಿದ್ದಲ್ಲ. ೨೦೧೦ರಲ್ಲಿ ಲಿನಕ್ಸಿನ ಫೆಡೋರಾ ೧೪ ಬಂದಾಗ, ಅದರ ಮೆಮ್‌ಕಾಪಿ ನಕಲು ಮಾಡುವ ದಿಕ್ಕು ಬದಲಾಗಿ ಫ್ಲ್ಯಾಷ್ ಪ್ರೋಗ್ರಾಮಿನ ಧ್ವನಿ ಕೆಟ್ಟಿತ್ತು, ಕಾರಣ ಇದೇ. ಹಾಗೆಂದು ನಮ್ಮ ಆ ಒಂದು ದಿನದ ಮೌನಕ್ಕೆ ಸಮಾಧಾನ ಸಿಗುವುದಿಲ್ಲ.

ಭಾನುವಾರ ಹುಡುಗನನ್ನು ಊಟಕ್ಕೆ ಕರೆದೆವು. ಪಂಕ್ತಿಯಲ್ಲಿ ಅವನಿಗೆ ಜಾಗ ಮಾಡಲು, ಆ ತುದಿಯಲ್ಲಿದ್ದ ನಾವೇ ಮೊದಲು ಸರಿದು ಕುಳಿತೆವು.