ಆಮೆಗೆಂದು ಬೆಳೆಸಿದ ಕಳ್ಳಿ

ಪಾಪಾಸುಕಳ್ಳಿಯನ್ನು ಆಸೆಪಟ್ಟು ಬೆಳೆಸುವವರು ಕಡಿಮೆ. ಹೊಲದ ಬದುವಿನಲ್ಲಿ, ದನ ನುಗ್ಗದಿರಲಿ ಎಂದು ಬೇಲಿಗೆ ಬಿಡುತ್ತಾರೆ, ಅಷ್ಟೆ. ನಾನು ಅದನ್ನು ಕುಂಡದಲ್ಲಿಟ್ಟು ಮೂರು ವರ್ಷ ಬೆಳೆಸಿದೆ. ಕಾರಣ ಒಂದು ಆಮೆ.

ಅಬ್ಬಾ ಕೆಲಸದಲ್ಲಿದ್ದದ್ದು ಯುಎಇಯ ರಾಸ್ ಅಲ್ ಖೈಮಾದಲ್ಲಿ. ಹತ್ತನೇ ತರಗತಿಯವರೆಗೆ ನಾನು ಓದಿದ್ದೂ ಅಲ್ಲೇ. ನಮ್ಮದು ಹಳೆಯ ಬಾಡಿಗೆ ಮನೆ, ಮುಂದೆ ಮರಳಿನ ಅಂಗಳ. ನಮಗಿಂತ ಮೊದಲು ಅಲ್ಲಿದ್ದವರು ತಮ್ಮ ದೇಶಕ್ಕೆ ಹೊರಡುವಾಗ ಒಂದು ಆಮೆಯನ್ನೂ ಅದರ ಕಾಗದಪತ್ರಗಳನ್ನೂ ನಮಗೆ ಒಪ್ಪಿಸಿ ಹೋದರು. ಆಗ ಅದು ಊಟದ ತಟ್ಟೆಯಷ್ಟು ಅಗಲವಿತ್ತು. ಚಿಪ್ಪಿನ ಬಣ್ಣ ನೋಡಿ ತಮ್ಮ ಅದಕ್ಕೆ ಬಾದಾಮ್ ಎಂದು ಹೆಸರಿಟ್ಟ.

ಬಾದಾಮ್ ಸುಲ್ಕಾಟಾ ಜಾತಿಯ ನೆಲ ಆಮೆ. ಇವುಗಳ ಮೂಲ ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ದಕ್ಷಿಣದ ಅಂಚು. ನಮ್ಮ ಕೆರೆಯ ಆಮೆಗಳಂತೆ ಇವು ಈಜುವುದಿಲ್ಲ. ಹುಲ್ಲು ಮೇಯುತ್ತವೆ, ಬಿಸಿಲು ಹೆಚ್ಚಾದರೆ ಬಿಲ ತೋಡಿ ಒಳಗೆ ಸೇರುತ್ತವೆ. ಬೆಳೆದ ಗಂಡು 50 ಕಿಲೋ ದಾಟುವುದೂ ಉಂಟು. ಆಯಸ್ಸು ಹಲವು ದಶಕಗಳು.

ಊಟದ್ದೇ ಚಿಂತೆ. ಬೇಸಿಗೆಯಲ್ಲಿ ಅಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ, ಅಂಗಳದ ಹುಲ್ಲೆಲ್ಲ ಸುಟ್ಟುಹೋಗುತ್ತದೆ. ಅಂಗಡಿಯ ಲೆಟ್ಯೂಸ್ ಸೊಪ್ಪಿನಲ್ಲಿ ಹೆಚ್ಚಿನದು ನೀರೇ. ಆಮೆಯ ಚಿಪ್ಪು ಮೂಳೆಯಿಂದ ಆದದ್ದು, ಅದಕ್ಕೆ ಕ್ಯಾಲ್ಸಿಯಂ ಬೇಕು. ನಾರೂ ಬೇಕು. ಅಬ್ಬಾನ ಸಂಬಳದಲ್ಲಿ ಆಮೆಗೆಂದು ದಿನವೂ ಸೊಪ್ಪು ಕೊಳ್ಳುವುದೂ ಕಷ್ಟವೇ.

ದಾರಿ ತೋರಿಸಿದವರು ಪಕ್ಕದ ಮನೆಯ ಪ್ಯಾಲೆಸ್ತೀನಿ ಅಜ್ಜಿ. ಅವರ ಹಿತ್ತಲಲ್ಲಿ ಆಳೆತ್ತರದ ಪಾಪಾಸುಕಳ್ಳಿ ಇತ್ತು. ತಮ್ಮ ಊರಿನ ಹೊಲಗಳಿಗೆಲ್ಲ ಇದೇ ಬೇಲಿ ಎಂದು ಹೇಳಿ ಮೂರು ಹಾಳೆ ಕೊಯ್ದು ಕೊಟ್ಟರು. ಅವರು ಅದನ್ನು ಕರೆಯುತ್ತಿದ್ದದ್ದು 'ಸಬ್ರ್' ಎಂದು. ತಾಳ್ಮೆಗೂ ಅರಬ್ಬಿಯಲ್ಲಿ ಅದೇ ಪದ. ಗಿಡ ಬೆಳೆಸಲು ಹೊರಟಾಗ ಆ ಹೆಸರಿನ ಅರ್ಥ ತಿಳಿಯಿತು!

ಕೊಯ್ದ ಹಾಳೆಯನ್ನು ತಕ್ಷಣ ನೆಡಬಾರದು. ಹತ್ತು ದಿನ ನೆರಳಲ್ಲಿಟ್ಟು ಗಾಯ ಒಣಗಿಸಬೇಕು, ಇಲ್ಲವಾದರೆ ಕೊಳೆಯುತ್ತದೆ. ಅರ್ಧ ಮರಳು, ಅರ್ಧ ಮಣ್ಣು ಬೆರೆಸಿ, ತಳದಲ್ಲಿ ತೂತಿರುವ ಕುಂಡದಲ್ಲಿ ಹಾಳೆಯ ಮೂರನೇ ಒಂದು ಭಾಗ ಹೂಳಬೇಕು. ಬೇರು ಬಿಡುವವರೆಗೆ ನೀರು ಹನಿಸಿದರೆ ಹನಿಸಿದ ಹಾಗೆ, ಅಷ್ಟೆ. ಆಮೇಲೂ ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ತಾಯಿ ಹಾಳೆಯನ್ನು ಮುಟ್ಟದೆ, ಅದರ ನೆತ್ತಿಯ ಮೇಲೆ ಬರುವ ಹೊಸ ಹಾಳೆಗಳನ್ನೇ ಕೊಯ್ಯಬೇಕು. ನಮ್ಮ ಮೂರು ಕುಂಡಗಳು ಎರಡನೇ ವರ್ಷಕ್ಕೆ ಎಂಟಾದವು.

ದೊಡ್ಡ ಮುಳ್ಳು ಕಣ್ಣಿಗೆ ಕಾಣುತ್ತದೆ, ಅದರ ಭಯವಿಲ್ಲ. ಬುಡದಲ್ಲಿ ಗುಂಪಾಗಿರುವ ರೋಮದಂಥ ಸಣ್ಣ ಮುಳ್ಳುಗಳೇ ಅಪಾಯ. ತಮ್ಮ ಒಮ್ಮೆ ಬರಿಗೈಯಲ್ಲಿ ಹಿಡಿದು ಸಂಜೆಯವರೆಗೆ ಅತ್ತ. ಅಮ್ಮಿ ಅಂಗೈಗೆ ಸೆಲ್ಲೋಟೇಪ್ ಅಂಟಿಸಿ ಅಂಟಿಸಿ ಕಿತ್ತರು. ಆಮೇಲೆ ಇಕ್ಕಳದಲ್ಲಿ ಹಾಳೆಯನ್ನು ಹಿಡಿದು ಗ್ಯಾಸ್ ಒಲೆಯ ಉರಿಯಲ್ಲಿ ಸುಟ್ಟು, ಬ್ರಷ್‌ನಿಂದ ಉಜ್ಜಿ, ಹೆಚ್ಚಿ ಕೊಡುವುದು ರೂಢಿಯಾಯಿತು. ಕಳ್ಳಿಯೇ ಪೂರ್ತಿ ಊಟವಲ್ಲ. ಅದರಲ್ಲಿ ಆಕ್ಸಲೇಟ್ ಇರುವುದರಿಂದ ಕ್ಯಾಲ್ಸಿಯಂ ಎಲ್ಲವೂ ಮೈಗೆ ಸೇರುವುದಿಲ್ಲ, ಹೆಚ್ಚಾದರೆ ಹೊಟ್ಟೆಯೂ ಕೆಡುತ್ತದೆ. ಒಣಹುಲ್ಲು ಮುಖ್ಯ, ಕಳ್ಳಿ ಅದರ ಜೊತೆಗೆ.

ವಿಜ್ಞಾನ ಓದುವ ಗೆಳತಿಯರಿಗೆ ಒಂದು ವಿಷಯ. ನಾವು ಎಲೆ ಎನ್ನುವ ಆ ಹಾಳೆ ಎಲೆಯಲ್ಲ, ಚಪ್ಪಟೆಯಾದ ಕಾಂಡ. ಹಗಲಲ್ಲಿ ನೀರು ಆವಿಯಾಗದಿರಲೆಂದು ಕಳ್ಳಿ ತನ್ನ ಪತ್ರರಂಧ್ರಗಳನ್ನು ರಾತ್ರಿ ತೆರೆಯುತ್ತದೆ. ಒಳಗೆ ಬಂದ ಕಾರ್ಬನ್ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು ಹಗಲಲ್ಲಿ ಬಳಸುತ್ತದೆ. ಹಾಗಾಗಿ ಬೆಳಿಗ್ಗೆ ಕೊಯ್ದ ಹಾಳೆ ಹುಳಿ, ಸಂಜೆ ಕೊಯ್ದದ್ದು ಸಪ್ಪೆ. ಮುಳ್ಳು ತೆಗೆದು ನಾನೇ ತಿಂದು ನೋಡಿದ್ದೇನೆ. ಪುಸ್ತಕದಲ್ಲಿ ಕ್ಯಾಮ್ ಸಸ್ಯಗಳೆಂದು ಓದಿದಾಗ ನಾಲಿಗೆಗೆ ಮೊದಲು ನೆನಪಾದದ್ದು ಆ ಹುಳಿ.

ಆಸ್ಟ್ರೇಲಿಯಾದಲ್ಲಿ ಈ ಕಳ್ಳಿ ವಿಪರೀತ ಹಬ್ಬಿ, ಪತಂಗವೊಂದನ್ನು ಬಿಟ್ಟು ಹತೋಟಿಗೆ ತಂದ ಕತೆ ನಮ್ಮ ಪಠ್ಯದಲ್ಲಿದೆ. ನಮ್ಮ ದೇಶದ ಕತೆ ಅದಕ್ಕಿಂತ ಹಳೆಯದು. ಕಳ್ಳಿಯ ತವರು ಅಮೆರಿಕ ಖಂಡ. ಕಳ್ಳಿಯ ಮೇಲೆ ಬದುಕುವ ಒಂದು ಕೀಟದಿಂದ ಕೆಂಪು ಬಣ್ಣ ತೆಗೆಯುವ ಆಸೆ ಈಸ್ಟ್ ಇಂಡಿಯಾ ಕಂಪನಿಗಿತ್ತು. 1795ರಲ್ಲಿ ಬ್ರೆಜಿಲ್‌ನಿಂದ ಬಂದ ಕೀಟ ಅವರು ಬಯಸಿದ ಜಾತಿಯದ್ದಾಗಿರಲಿಲ್ಲ. ಒಳ್ಳೆಯ ಬಣ್ಣ ಸಿಗಲಿಲ್ಲ, ಆದರೆ ಅದು ಕಳ್ಳಿಯನ್ನೇ ತಿಂದು ಮುಗಿಸತೊಡಗಿತು. ಹಾಗೆ ಬಣ್ಣಕ್ಕೆಂದು ತಂದ ಹುಳವನ್ನು ಮುಂದೆ ಕಳ್ಳಿ ತೊಲಗಿಸಲೆಂದೇ ದಕ್ಷಿಣಕ್ಕೂ ತಂದರು.

ಅಬ್ಬಾನ ಕೆಲಸ ಮುಗಿದಾಗ ನಾವು ಊರಿಗೆ ಮರಳಬೇಕಾಯಿತು. ಆಮೆಯನ್ನು ದೇಶದಿಂದ ದೇಶಕ್ಕೆ ಒಯ್ಯಲು ಎರಡೂ ಕಡೆಯ ಪರವಾನಗಿ ಬೇಕು. ನಮ್ಮಿಂದ ಆಗುವ ಕೆಲಸ ಅದಲ್ಲ. ಎರಡು ತಿಂಗಳು ಹುಡುಕಿ, ದೊಡ್ಡ ತೋಟವಿದ್ದ ಒಂದು ಕುಟುಂಬಕ್ಕೆ ಬಾದಾಮನನ್ನು ಕಾಗದಪತ್ರಗಳೊಂದಿಗೆ ಒಪ್ಪಿಸಿದೆವು. ಎಂಟು ಕುಂಡಗಳನ್ನೂ ಜೊತೆಗೇ ಕೊಟ್ಟೆವು. ತಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನೂ ಅಷ್ಟೆ. ನಮಗಿಂತ ಹೆಚ್ಚು ಕಾಲ ಬದುಕಬಹುದಾದ ಜೀವವನ್ನು ಮನೆಗೆ ತರುವವರು, ತಮ್ಮ ನಂತರ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲೇ ಯೋಚಿಸಬೇಕು.

ಕೋಲಾರ ಜಿಲ್ಲೆಯ ನಾನಿಯ ಮನೆಗೆ ಬಂದು ತಿಂಗಳಾಗಿರಲಿಲ್ಲ, ಪರಿಚಯದವರೊಬ್ಬರು ತಮ್ಮನ ಬೇಸರ ನೋಡಿ, "ನಕ್ಷತ್ರ ಆಮೆ ತಂದುಕೊಡ್ತೀನಿ, ಮನೆಗೆ ಬರಕತ್ತೂ ಆಗುತ್ತೆ" ಎಂದರು. ತಮ್ಮನ ಮುಖ ಅರಳಿತು. ಅಬ್ಬಾ, "ಬೇಡ, ಕಾಡಿನದು ಕಾಡಲ್ಲೇ ಇರಲಿ" ಎಂದು ಅಲ್ಲಿಗೇ ನಿಲ್ಲಿಸಿದರು. ನಕ್ಷತ್ರ ಆಮೆಯನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಳ್ಳಸಾಗಣೆ ಅಷ್ಟು ಹೆಚ್ಚಿದ್ದರಿಂದಲೇ 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಷೇಧಿಸಲಾಯಿತು. ಇಂಥ ಮಾತು ನಿಮ್ಮ ಮನೆಗೂ ಬರಬಹುದು. ಬಂದರೆ ಬೇಡ ಎನ್ನಿ.

ಈಗ ನಾನಿಯ ಹಿತ್ತಲಲ್ಲಿ ಮುಳ್ಳಿಲ್ಲದ ಜಾತಿಯ ಕಳ್ಳಿ ನೆಟ್ಟಿದ್ದೇನೆ. ಹಾಳೆಗಳನ್ನು ಇಲ್ಲಿನ ರೈತರೊಬ್ಬರಿಂದ ತಂದೆ. "ಇದನ್ನ ಯಾರು ತಿಂತಾರೆ ಬೇಟಿ?" ಎಂದು ನಾನಿ ನಕ್ಕಿದ್ದರು. ಕಳೆದ ಬೇಸಿಗೆಯಲ್ಲಿ ಮೇವು ಕಡಿಮೆಯಾದಾಗ, ಹೆಚ್ಚಿದ ಕಳ್ಳಿಯನ್ನು ಒಣಮೇವಿಗೆ ಬೆರೆಸಿ ಮೇಕೆಗಳಿಗೆ ಇಟ್ಟೆವು. ಅವು ಬುಟ್ಟಿ ನೆಕ್ಕಿದವು. ಈ ವರ್ಷ ಎರಡು ಸಾಲು ಹೆಚ್ಚು ನೆಡು ಎಂದು ನಾನಿಯೇ ಹೇಳಿದ್ದಾರೆ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ