ಕೊರಲೂ ಕಹಳೆಯೂ

ಮನುಷ್ಯನ ಕೊರಲಿಗೆ ಪ್ರಕೃತಿಯು ಒಂದು ಎಲ್ಲೆಯನ್ನು ಕಟ್ಟಿಕೊಟ್ಟಿದೆ. ಸಾಧನೆಯಿಂದ ಆ ಎಲ್ಲೆಯನ್ನು ಸ್ವಲ್ಪ ಹಿಗ್ಗಿಸಬಹುದೇ ಹೊರತು ಅಳಿಸಲಾಗದು. ನಮ್ಮ ವೃತ್ತಿನಾಟಕ ಮಂಡಲಿಗಳ ಮೊದಲ ಕಾಲದಲ್ಲಿ ನಟನಾದವನು ಹಾರ್ಮೋನಿಯಮ್ಮಿನ ಶ್ರುತಿಗೆ ಏರುಕಂಠದಲ್ಲಿ ಹಾಡಿ, ಕಟ್ಟಕಡೆಯ ಸಾಲಿನವನಿಗೂ ಪದವನ್ನು ಮುಟ್ಟಿಸಬೇಕಾಗಿತ್ತು. ಅಂದಿನ ಇರುಳಿನ ನಿಶ್ಶಬ್ದವೂ ಅವನಿಗೆ ನೆರವಾಗುತ್ತಿತ್ತು. ಇಂದಿನ ಕಲ್ಯಾಣಮಂಟಪದಲ್ಲಾದರೋ ಬೀಸಣಿಗೆಗಳ ಮೊರೆತ, ಬೀದಿಯ ವಾಹನಗಳ ಗದ್ದಲ, ಅಡಿಗೆಯ ಮನೆಯ ಪಾತ್ರೆಗಳ ಸಪ್ಪಳ, ಇವೆಲ್ಲವೂ ಹಾಡುವವರಿಗೆ ಪಕ್ಕವಾದ್ಯಗಳಾಗಿ ನಿಂತಿವೆ. ಇಂತಹ ಕಡೆಯಲ್ಲಿ ಮೈಕು ಬೇಡವೆಂಬ ವಾದವು ಸೊಗಸಾದುದೇ ಆದರೂ ಸಾಗತಕ್ಕುದಲ್ಲ.

ಈ ಯಂತ್ರದ ಹುಟ್ಟೂ ಕುತೂಹಲಕರವಾದುದು. ಅಮೆರಿಕದಲ್ಲಿ ಪೀಟರ್ ಜೆನ್ಸನ್, ಎಡ್ವಿನ್ ಪ್ರಿಡ್‌ಹ್ಯಾಂ ಎಂಬಿಬ್ಬರು ತಮ್ಮ ಧ್ವನಿವರ್ಧಕಕ್ಕೆ ‘ಮ್ಯಾಗ್ನವಾಕ್ಸ್’ ಎಂದು, ಎಂದರೆ ಲ್ಯಾಟಿನ್ ಭಾಷೆಯಲ್ಲಿ ‘ಮಹಾಧ್ವನಿ’ ಎಂದು, ಹೆಸರಿಟ್ಟು, 1915ರ ಕ್ರಿಸ್ಮಸ್ಸಿನ ಹಿಂದಿನ ದಿನ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಬಹುದೊಡ್ಡ ಜನಸ್ತೋಮಕ್ಕೆ ಅದನ್ನು ಕೇಳಿಸಿದರು. ನಮ್ಮ ದೇಶದಲ್ಲಿ ಸ್ವಾತಂತ್ರ್ಯದ ಹೋರಾಟದ ಸಭೆಗಳು ಅದಕ್ಕೆ ವೇದಿಕೆಯಾದುವು. ಗಾಂಧೀಜಿಯವರ, ನೆಹರೂರವರ ಮುಂದೆ ‘ಚಿಕಾಗೊ ರೇಡಿಯೊ’ ಎಂಬ ಹೆಸರು ಹೊತ್ತ ಮೈಕು ನಿಂತಿರುವುದನ್ನು ಹಳೆಯ ಛಾಯಾಚಿತ್ರಗಳಲ್ಲಿ ಈಗಲೂ ಕಾಣಬಹುದು. ಭಾಷಣಕ್ಕೆಂದು ಬಂದ ಕಹಳೆಯು ಕಾಲಕ್ರಮದಲ್ಲಿ ಜಾತ್ರೆಗೂ ಮದುವೆಗೂ ಸಂಗೀತಕ್ಕೂ ಇಳಿಯಿತು. ತೊಡಕು ಹುಟ್ಟಿದ್ದು ಅಲ್ಲಿಯೇ. ಕಹಳೆಯಾಕಾರದ ಆ ಸ್ಪೀಕರು ಮಾತಿನ ನಡುಸ್ಥಾಯಿಯನ್ನು ದೂರಕ್ಕೆ ಎಸೆಯಬಲ್ಲುದು. ಆದರೆ ತಬಲದ ಎಡಗೈಯ ಗಂಭೀರನಾದವನ್ನು ಅದು ನುಂಗಿಬಿಡುತ್ತದೆ. ಉಳಿಯುವುದು ಬರಿಯ ಚಟಚಟ.

ತಾಲ್ಲೂಕು ಕೇಂದ್ರವೊಂದರ ಪುಟ್ಟ ಸುಗಮಸಂಗೀತ ಮಂಡಲಿಯನ್ನು ಊಹಿಸಿಕೊಳ್ಳಬಹುದು. ಗಾಯಕಿ ಒಬ್ಬಳು, ಹಾರ್ಮೋನಿಯಂ, ಕೊಳಲು, ತಬಲ, ಕೀಬೋರ್ಡು ನುಡಿಸುವವರು ನಾಲ್ವರು. ಹಗಲು ಶಾಲೆಯಲ್ಲೋ ಅಂಗಡಿಯಲ್ಲೋ ದುಡಿದು ಸಂಜೆ ಹಾಡುವವರು. ನಾಲ್ಕಾರು ವರ್ಷಗಳ ಸಂಭಾವನೆಯಲ್ಲಿ ಕೂಡಿಟ್ಟ ಗಂಟಿನಿಂದ ಹಳೆಯ ಉಪಕರಣಗಳನ್ನು ಬದಲಾಯಿಸಬೇಕೆಂಬ ಮಾತು ಹುಟ್ಟಿದೊಡನೆ ಐವರಲ್ಲಿ ಐದು ಮತಗಳು ತಲೆಯೆತ್ತುತ್ತವೆ. ಕಿರಿಯನಿಗೆ ಆಳೆತ್ತರದ ಪೆಟ್ಟಿಗೆಗಳು ಬೇಕು. ಹಿರಿಯರಾದ ಹಾರ್ಮೋನಿಯಂ ವಾದಕರಿಗೆ ತಮ್ಮ ವಾದ್ಯ ತಮಗೆ ಕೇಳಿಸಿದರೆ ಸಾಕು. ಗಾಯಕಿಗೆ ಕವಿಯ ಪದ ಸಭಿಕರಿಗೆ ತಿಳಿಯಬೇಕು. ಗಂಟು ಒಂದೇ, ಅದು ತಪ್ಪುದಾರಿಯಲ್ಲಿ ಕರಗಿದರೆ ಮತ್ತೆ ನಾಲ್ಕಾರು ವರ್ಷ ಕಾಯಬೇಕು.

ಇಂತಹವರು ಮೊದಲು ಬಿಡಬೇಕಾದುದು ವ್ಯಾಟುಗಳ ಮೋಹವನ್ನು. 100 ವ್ಯಾಟಿನ ಆಂಪ್ಲಿಫೈಯರನ್ನು ಮಾರಿ 200 ವ್ಯಾಟಿನದನ್ನು ತಂದರೆ ದನಿ ಇಮ್ಮಡಿಯಾಗುವುದೆಂದು ಲೋಕದ ನಂಬಿಕೆ. ನಿಜವಾಗಿ ಹೆಚ್ಚುವುದು ಕೇವಲ 3 ಡೆಸಿಬೆಲ್. ಕಿವಿಗೆ ಅದು ಅಲ್ಪವೇ. ದನಿಯು ಇಮ್ಮಡಿಯೆಂದು ತೋರಬೇಕಾದರೆ ಸುಮಾರು 10 ಡೆಸಿಬೆಲ್, ಎಂದರೆ ಹತ್ತುಪಟ್ಟು ಶಕ್ತಿ ಬೇಕು. ಇದಕ್ಕೆ ಬದಲಾಗಿ, ಬಾಯಿಂದ 30 ಸೆಂಟಿಮೀಟರು ದೂರದಲ್ಲಿದ್ದ ಮೈಕನ್ನು 15 ಸೆಂಟಿಮೀಟರಿಗೆ ತಂದರೆ ಸುಮಾರು 6 ಡೆಸಿಬೆಲ್ ಲಾಭ. ಶಕ್ತಿಯನ್ನು ನಾಲ್ಕುಪಟ್ಟು ಮಾಡಿದ ಫಲವು ಕಾಸಿನ ಖರ್ಚಿಲ್ಲದೆ ಕೈಗೂಡುತ್ತದೆ.

ಎರಡನೆಯದು ಸ್ಪೀಕರುಗಳ ಎತ್ತರ. ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ ನಾದವು 6 ಡೆಸಿಬೆಲ್ ಇಳಿಯುತ್ತದೆ. ನೆಲದ ಮೇಲಿಟ್ಟ ಪೆಟ್ಟಿಗೆಯಿಂದ 2 ಮೀಟರು ದೂರದಲ್ಲಿ ಕುಳಿತ ಅಜ್ಜನಿಗೂ 32 ಮೀಟರು ದೂರದ ಹುಡುಗನಿಗೂ ನಡುವೆ 24 ಡೆಸಿಬೆಲ್ ಅಂತರ. ಅಜ್ಜನು ಕಿವಿ ಮುಚ್ಚಿಕೊಳ್ಳುವನು. ಹುಡುಗನು ಹರಟೆಗೆ ತೊಡಗುವನು. ಪೆಟ್ಟಿಗೆಯನ್ನು ಎತ್ತರದ ಸ್ಟ್ಯಾಂಡಿನ ಮೇಲೇರಿಸಿ, ಹತ್ತಿರದವನಿಗೂ ಅದು 4 ಮೀಟರು ದೂರವಾಗುವಂತೆ ಮಾಡಿದರೆ ಅಂತರವು 18ಕ್ಕೆ ಇಳಿಯುತ್ತದೆ. ಮುಂದಿನವರ ತಲೆಗಳೂ ನಾದಕ್ಕೆ ಅಡ್ಡವಾಗುವುದಿಲ್ಲ.

ಇನ್ನು ಸಭೆಯನ್ನೆಲ್ಲ ಬೆಚ್ಚಿಬೀಳಿಸುವ ಕೀರಲು. ಸ್ಪೀಕರಿನಿಂದ ಹೊರಟ ದನಿಯನ್ನು ಮೈಕು ಮತ್ತೆ ಕೇಳಿ, ಸ್ಪೀಕರು ಮತ್ತೆ ಹೇಳಿ, ಗಾಳಿಮಾತು ಊರೆಲ್ಲ ಸುತ್ತಿ ಬೆಳೆಯುವಂತೆ ಬೆಳೆದ ಕೂಗು ಅದು. ಸ್ಪೀಕರುಗಳು ಮೈಕುಗಳಿಗಿಂತ ಮುಂದೆ, ಸಭಿಕರ ಕಡೆಗೆ ಮುಖಮಾಡಿರಬೇಕು. ಎದುರಿನ ದನಿಯನ್ನು ಹಿಡಿದು ಬೆನ್ನಿನ ದನಿಯನ್ನು ತಳ್ಳುವ ಮೈಕುಗಳೂ ಉಂಟು. ಶೂರ್ ಸಂಸ್ಥೆಯವರು 1966ರಲ್ಲಿ ಹೊರತಂದ ಎಸ್‌ಎಂ58 ಎಂಬುದು ಆ ಜಾತಿಯ ಪ್ರಸಿದ್ಧ ಮೈಕು. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ ಕೀರಲಿಲ್ಲದೆ ಏರಿಸಬಹುದಾದ ದನಿಯು 3 ಡೆಸಿಬೆಲ್ ಕುಗ್ಗುವುದರಿಂದ, ಬೇಡದ ಮೈಕನ್ನು ಮುಚ್ಚಿಡುವುದೂ ಒಂದು ವಿದ್ಯೆಯೇ ಸರಿ.

ಗಾಯಕಿಗೆ ತನ್ನ ದನಿ ತನಗೆ ಕೇಳಿಸುವಂತೆ ಅವಳ ಕಡೆಗೆ ತಿರುಗಿಸಿದ ಚಿಕ್ಕ ಮಾನಿಟರನ್ನು ಹಲವರು ಆಡಂಬರವೆಂದೆಣಿಸುತ್ತಾರೆ. ಗದ್ದಲದಲ್ಲಿ ಮನುಷ್ಯನು ತಾನರಿಯದೆಯೇ ದನಿಯೇರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿಯೇ ಪ್ರಕಟಿಸಿದ್ದನು. ತನ್ನ ಸ್ವರ ಕೇಳದವಳು ಕೂಗುತ್ತಾಳೆ. ಕೂಗಿದವಳು ಶ್ರುತಿ ತಪ್ಪುತ್ತಾಳೆ. ಮರುದಿನ ಗಂಟಲೇ ಏಳುವುದಿಲ್ಲ. ಸಾಲವಾಗಿ ತರಲಾಗದ ವಾದ್ಯವೆಂದರೆ ಕೊರಲೊಂದೇ.

ಕೊರಲಿಗಿಂತಲೂ ಮಿಗಿಲಾಗಿ ಕಾಯಬೇಕಾದುದು ಪ್ರಾಣವನ್ನು. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಕೇಳಿದೊಡನೆ ಪ್ಲಗ್ಗಿನ ಭೂಸಂಪರ್ಕದ ಕಡ್ಡಿಯನ್ನು ಮುರಿದುಹಾಕುವ ವೈದ್ಯರು ಊರೂರಿನಲ್ಲಿದ್ದಾರೆ. ಸದ್ದು ನಿಲ್ಲಬಹುದು. ಆದರೆ ಯಂತ್ರದೊಳಗೆ ದೋಷವೊಂದು ಹುಟ್ಟಿದ ದಿನ ಮೈಕಿನ ಲೋಹದಲ್ಲಿ ವಿದ್ಯುತ್ತು ಹರಿದು, ಅದನ್ನು ಹಿಡಿದ ಕೈಯನ್ನೇ ಕೊಲ್ಲಬಹುದು. ಆ ಸದ್ದಿಗೆ ತಕ್ಕ ಮದ್ದು ಬೇರೆ ಇದೆ: ಎಲ್ಲ ಉಪಕರಣಗಳಿಗೂ ಒಂದೇ ಕಡೆಯಿಂದ ವಿದ್ಯುತ್ತು, ನಾದವನ್ನು ಎರಡು ತಂತಿಗಳಲ್ಲಿ ಎದುರುಬದುರಾಗಿ ಒಯ್ದು, ನಡುವೆ ಹೊಕ್ಕ ಸದ್ದನ್ನು ತಾನೇ ಕಳೆಯುವ ಬ್ಯಾಲೆನ್ಸ್ಡ್ ಕೇಬಲ್ಲು.

ಹೀಗೆ ಲೆಕ್ಕ ಹಾಕುತ್ತ ಹೋದರೆ ಗಂಟಿನ ದಾರಿ ತಾನಾಗಿಯೇ ತೋರುತ್ತದೆ: ಒಳ್ಳೆಯ ಮೈಕುಗಳು, ಗಟ್ಟಿಯಾದ ಕೇಬಲ್ಲುಗಳು, ಚಿಕ್ಕದೊಂದು ಮಿಕ್ಸರು, ಸ್ಟ್ಯಾಂಡಿನ ಮೇಲೇರುವ ಎರಡು ಹದವಾದ ಸ್ಪೀಕರುಗಳು, ಒಂದು ಮಾನಿಟರು. ಆಳೆತ್ತರದ ಪೆಟ್ಟಿಗೆ ಇನ್ನೊಂದು ಕಾಲಕ್ಕೆ. ಹಣದಿಂದ ಕೊಳ್ಳಲಾಗದ ಒಂದು ವಸ್ತು ಮಾತ್ರ ಉಳಿಯುತ್ತದೆ. ಅದು ಸಭಿಕರ ನಡುವೆ ಕುಳಿತು ಕೇಳುವ ಒಂದು ಜೊತೆ ಕಿವಿ. ವೇದಿಕೆಯ ಮೇಲೆ ಪ್ರತಿಯೊಬ್ಬನೂ “ನನ್ನದು ಕೇಳಿಸುತ್ತಿಲ್ಲ” ಎನ್ನುವನು. ಒಬ್ಬನದನ್ನು ಏರಿಸಿದರೆ ಉಳಿದವರೂ ಏರಿಸೆನ್ನುವರು. ಕೊನೆಗೆ ಎಲ್ಲರದೂ ಕೇಳಿಸಿ ಹಾಡು ಮಾತ್ರ ಕೇಳಿಸದು. ಬಲ್ಲವನು ಏರಿಸುವ ಮೊದಲು ಇಳಿಸುತ್ತಾನೆ. ಕೊಳಲನ್ನೂ ಕೀಬೋರ್ಡನ್ನೂ ಕೊಂಚ ತಗ್ಗಿಸಿದರೆ, ಏರಿಸದಿದ್ದರೂ ಪದವು ತಾನಾಗಿ ಮೇಲೆ ಬರುತ್ತದೆ. ಸಂಸಾರದಲ್ಲಿ ನಡೆಯುವ ನ್ಯಾಯವೇ ಇಲ್ಲಿಯೂ.

ನೆರೆಹೊರೆಯ ಋಣವೊಂದು ಬಾಕಿಯಿದೆ. ಭಾರತ ಸರಕಾರದ 2000ನೆಯ ವರ್ಷದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ಇರುಳು 45 ಡೆಸಿಬೆಲ್ಲಿನ ಮಿತಿಯನ್ನಿಟ್ಟು, ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕವನ್ನು ಸಾಮಾನ್ಯವಾಗಿ ನಿಷೇಧಿಸಿವೆ. ಕಾನೂನಿಲ್ಲದಿದ್ದರೂ, ಮುಂದಿನ ಮನೆಯಲ್ಲಿ ರೋಗಿಯೊಬ್ಬನು ನಿದ್ದೆಗಾಗಿ ಹಂಬಲಿಸುತ್ತಿರುವಾಗ ಹಾಡುವ ಹಾಡು ಎಷ್ಟು ಇಂಪಾದೀತು?

ಯಂತ್ರವು ಪಕ್ಷಪಾತವರಿಯದು. ಇಂಪನ್ನು ಎಷ್ಟು ಹಿಗ್ಗಿಸುವುದೋ ಅಪಶ್ರುತಿಯನ್ನೂ ಅಷ್ಟೇ ನಿಷ್ಠೆಯಿಂದ ಹಿಗ್ಗಿಸುತ್ತದೆ. ಆದುದರಿಂದ ಹೊಸ ಸ್ಪೀಕರನ್ನು ಮನೆಗೆ ತಂದ ಮಂಡಲಿಗೆ ವಿಶ್ರಾಂತಿಯಿಲ್ಲ. ಅಭ್ಯಾಸವು ಅಂದಿನಿಂದ ಹೆಚ್ಚಬೇಕಾಗುತ್ತದೆ.